ಕಾಲು ತಾಗಿದ ಚೀಲ

"ಇನ್ನೊಂದು ಸಲ ಹಾಕು," ಎಂದೆ.

"ಎಷ್ಟು ಸಲ ನೋಡುತ್ತೀಯ, ಮಾಧುರಿ? ಅದೇ ವಿಡಿಯೋ, ಅದೇ ಮನುಷ್ಯ," ಎಂದಳು ಗ್ಲೆಂಡಾ.

"ಅದೇ ಮನುಷ್ಯ ಎಂದು ನೀನು ಹೇಳುತ್ತಿದ್ದೀಯ. ನಾನು ಹೇಳಿಲ್ಲ. ಹಾಕು."

ಗ್ಲೆಂಡಾ ಈ ಟೆನಿಸ್ ಟೂರ್ನಮೆಂಟಿನ ಸೆಕ್ಯುರಿಟಿ ಮುಖ್ಯಸ್ಥೆ. ನಾನು ಇನ್ಶೂರೆನ್ಸ್ ಕಂಪನಿಗಳಿಗಾಗಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತುವವಳು. ಹಳೆಯ ಕೇಸೊಂದರಲ್ಲಿ ಇಬ್ಬರೂ ಒಟ್ಟಿಗೆ ದುಡಿದಿದ್ದೆವು. ಆ ಪರಿಚಯ ಇಲ್ಲದಿದ್ದರೆ ಸ್ಟೇಡಿಯಮ್ಮಿನ ಅಡಿಯ ಈ ಇಕ್ಕಟ್ಟಿನ ಕೋಣೆಯೊಳಗೆ ನನ್ನನ್ನು ಯಾರೂ ಬಿಡುತ್ತಿರಲಿಲ್ಲ.

ಪರದೆಯ ಮೂಲೆಯಲ್ಲಿ ಸಮಯ ಕಾಣುತ್ತಿತ್ತು: ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಕೋಚುಗಳ ಕೋಣೆ ಖಾಲಿಯಿತ್ತು. ಬಾಗಿಲು ತೆರೆದು, ನೀಲಿ ಜಾಕೆಟ್ಟು ತೊಟ್ಟ ಒಂದು ಆಕೃತಿ ಒಳಗೆ ಬಂತು. ಜಾಕೆಟ್ಟಿನ ಟೊಪ್ಪಿಗೆಯನ್ನು ಹಣೆಯವರೆಗೂ ಎಳೆದುಕೊಂಡಿತ್ತು. ಮುಖಕ್ಕೆ ಮಾಸ್ಕು. ಗಂಡೋ ಹೆಣ್ಣೋ ಹೇಳಲಾಗದಷ್ಟು ದೊಗಳೆ ಜಾಕೆಟ್ಟು ಅದು.

ಆಕೃತಿ ಮೂಲೆಯ ಐಸ್ ಬಾಕ್ಸಿನಿಂದ ಕಿತ್ತಳೆ ಬಣ್ಣದ ಬಾಟಲಿಯೊಂದನ್ನು ಎತ್ತಿಕೊಂಡಿತು. ಅದರ ಮೇಲೆ, ಇವತ್ತು ಆಡುತ್ತಲೇ ಕುಸಿದುಬಿದ್ದ ನನ್ನ ಗೆಳತಿಯ ಮಗಳು ಅಪೇಕ್ಷಾಳ ಹೆಸರಿತ್ತು. ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತು ಕೈಯಲ್ಲಿ ಏನೋ ಮಾಡಿತು. ಬಾಟಲಿ ಮತ್ತೆ ಐಸಿನೊಳಗೆ ಹೋಯಿತು.

ಹೊರಡುವಾಗ ಎಡಗಾಲು ನೆಲದ ಮೇಲಿದ್ದ ಯಾರದೋ ರ‍್ಯಾಕೆಟ್ ಚೀಲಕ್ಕೆ ತಾಗಿತು.

ಆಕೃತಿ ಗಕ್ಕನೆ ನಿಂತಿತು. ಬಗ್ಗಿ, ಬಲಗೈ ಬೆರಳುಗಳಿಂದ ಚೀಲವನ್ನು ಮುಟ್ಟಿತು. ಆ ಬೆರಳುಗಳನ್ನು ಬಲಗಣ್ಣಿಗೆ, ಎಡಗಣ್ಣಿಗೆ, ಕೊನೆಗೆ ಕತ್ತಿನ ಗುಳಿಗೆ ಒತ್ತಿಕೊಂಡಿತು. ಆಮೇಲೆ ಬಾಗಿಲು ತೆರೆದು ಹೊರಗೆ ಹೋಯಿತು.

"ಇಲ್ಲಿ ನಿಲ್ಲಿಸು. ಇದೇನಿದು, ಬಗ್ಗಿದ್ದು?"

"ಏನಾದರೂ ಬಿತ್ತೇ ಎಂದು ನೋಡಿದ್ದಾನೆ. ಬೆವರು ಒರೆಸಿಕೊಂಡಿದ್ದಾನೆ. ಹೊರಗೆ ಬಿಸಿಲು ಹೇಗಿದೆ ನೋಡಿದೆಯಲ್ಲ," ಎಂದಳು ಗ್ಲೆಂಡಾ.

ಬೆವರಂತೆ ಬೆವರು! ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಮೇಲಲ್ಲ, ಪಾಪ ಅವಳಿಗೇನು ಗೊತ್ತು. ಪುಸ್ತಕಕ್ಕೆ ಕಾಲು ತಾಗಿದರೆ, ಕೆಲಸದ ಸಾಮಾನಿಗೆ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ಯಾರು? ಕಳ್ಳತನದಲ್ಲಿ ಒಳಗೆ ನುಗ್ಗಿ, ಹದಿನೇಳು ವರ್ಷದ ಹುಡುಗಿಯ ನೀರಿಗೆ ಔಷಧ ಬೆರೆಸಿ, ಓಡಿಹೋಗುವ ಅವಸರದಲ್ಲೂ ಚೀಲಕ್ಕೆ ಕಾಲು ತಾಗಿತಲ್ಲ ಎಂದು ನಿಂತು ನಮಸ್ಕಾರ ಮಾಡುವ ಮಹಾನುಭಾವರು ಯಾರು? ನಾವೇ. ನಮ್ಮ ಪೈಕಿಯವರೇ.

ಆದರೆ ಆ ಕೆಲಸಕ್ಕೆ ಸಿಕ್ಕಿಬಿದ್ದು ಪಕ್ಕದ ಕೋಣೆಯಲ್ಲಿ ಕೂತಿದ್ದವನು ಅವಳ ಕೋಚ್ ರೆನಾಟೊ, ನಮ್ಮ ಕಡೆಯವನೇ ಅಲ್ಲ.

"ಗ್ಲೆಂಡಾ, ಇದು ರೆನಾಟೊ ಅಲ್ಲ."

"ಜಾಕೆಟ್ಟು ಅವನದು. ಬಾಗಿಲು ತೆರೆದದ್ದು ಅವನ ಬ್ಯಾಡ್ಜಿನಿಂದ. ಬಾಟಲಿ ತುಂಬಿಸಿ ಐಸಿನಲ್ಲಿಟ್ಟವನೂ ಅವನೇ. ನಾನು ಬೇರೆ ಯಾರನ್ನು ಹುಡುಕಲಿ? ಪೊಲೀಸರು ಹುಡುಗಿಯ ತಾಯಿಯ ಹೇಳಿಕೆ ತೆಗೆದುಕೊಂಡಾಯಿತು. ಅವನ ಹೇಳಿಕೆ ಮುಗಿದ ಕೂಡಲೇ ಕರೆದುಕೊಂಡು ಹೋಗುತ್ತಾರೆ. ನಿನ್ನ ಹತ್ತಿರ ಬೇರೆ ಹೆಸರಿದ್ದರೆ ಅಷ್ಟರೊಳಗೆ ತಾ."

ಬೆಳಿಗ್ಗೆ ಹೊರಟಾಗ ನಮ್ಮದು ಮದುವೆ ದಿಬ್ಬಣದ ಗದ್ದಲ. ಅಮೆರಿಕಕ್ಕೆ ಬಂದು ನೆಲೆಸಿದ ಕನ್ನಡದವರು ನಾವು: ಬೇ ಏರಿಯಾದ ಯೂನಿಯನ್ ಸಿಟಿಯಿಂದ ನಿಶ್ಮಿತಾ, ಉಲ್ಲಾಸ್ ಮತ್ತು ಜಯರಾಜ್, ಸನ್ನಿವೇಲಿನಿಂದ ನಾನು ಮತ್ತು ಸಂತೋಷಕುಮಾರ. ನಿಶ್ಮಿತಾ ಮತ್ತು ಉಲ್ಲಾಸರ ಮಗಳು ಅಪೇಕ್ಷಾ ಇಷ್ಟು ದೊಡ್ಡ ಟೂರ್ನಮೆಂಟಿನಲ್ಲಿ ಆಡುವುದು ಇದೇ ಮೊದಲು. ನಾವೆಲ್ಲ ಅವಳ ಅತಿಥಿಗಳು, ಕೊರಳಿಗೆ ಬ್ಯಾಡ್ಜು ಹಾಕಿಕೊಂಡು ಮೆರೆದದ್ದೇ ಮೆರೆದದ್ದು. ಎರಡನೇ ಸೆಟ್ಟಿನಲ್ಲಿ ಸರ್ವ್ ಮಾಡಲು ಚೆಂಡು ಮೇಲೆಸೆದ ಹುಡುಗಿ ಅದನ್ನು ಹೊಡೆಯಲೇ ಇಲ್ಲ. ನಿಂತಲ್ಲೇ ಮಂಡಿಯೂರಿ, ಮಗ್ಗುಲಿಗೆ ಬಿದ್ದುಬಿಟ್ಟಳು. ಇಡೀ ಸ್ಟೇಡಿಯಮ್ಮು ಎದ್ದು ನಿಂತಿತು.

ಆ ಹುಡುಗಿ ನನಗೆ ಬರೀ ಗೆಳತಿಯ ಮಗಳಲ್ಲ. ಪ್ರಾಕ್ಟೀಸು ಮುಗಿಸಿ ಸನ್ನಿವೇಲಿನ ನನ್ನ ಅಪಾರ್ಟ್‌ಮೆಂಟಿಗೆ ಬಂದು, ಶೂ ಸಮೇತ ಸೋಫಾದ ಮೇಲೆ ಬಿದ್ದುಕೊಂಡು, ನಾನು ಕನ್ನಡದಲ್ಲಿ ಬೈದದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ತಿರುಗಿಸಿ ಕೊಡುವವಳು. "ಯು ಆರ್ ಆಲ್ವೇಸ್ ಆಂಗ್ರಿ, ಮಾಧು ಆಂಟಿ" ಎನ್ನುತ್ತಾಳೆ. ನಿಜವೇ. ಹಗಲೆಲ್ಲ ಸಿಟ್ಟು, ರಾತ್ರಿ ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗದೆ ನಿದ್ದೆ ಇಲ್ಲ. ಅದಕ್ಕೂ ಅವಳು ನನ್ನನ್ನು ಕಾಡಿಸುತ್ತಾಳೆ.

ಪಕ್ಕದ ಕೋಣೆಯ ಬಾಗಿಲಲ್ಲಿ ಪೊಲೀಸ್ ಅಧಿಕಾರಿ ಫೋನಿನಲ್ಲಿದ್ದ. ಗ್ಲೆಂಡಾ ಅವನಿಗೆ ಕಣ್ಣಲ್ಲೇ ಏನೋ ಹೇಳಿದಳು. ನಾನು ಒಳಗೆ ಹೋದೆ.

ರೆನಾಟೊ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಐವತ್ತು ದಾಟಿದ, ಗಿಡ್ಡ ಮೈಕಟ್ಟಿನ ಮನುಷ್ಯ. ಅಪೇಕ್ಷಾಗೆ ಒಂಬತ್ತು ವರ್ಷವಿದ್ದಾಗಿನಿಂದ ಯೂನಿಯನ್ ಸಿಟಿಯ ಪಾರ್ಕಿನ ಕೋರ್ಟಿನಲ್ಲಿ ಅವಳಿಗೆ ಆಟ ಕಲಿಸಿದವನು.

"ಅವಳು ಹೇಗಿದ್ದಾಳೆ?" ಎಂದು ಕೇಳಿದ. ತನ್ನ ವಿಚಾರ ಎತ್ತಲಿಲ್ಲ.

"ಅಪಾಯ ಇಲ್ಲವಂತೆ. ಉಲ್ಲಾಸ್ ಜೊತೆಗಿದ್ದಾನೆ. ನಿನ್ನ ಜಾಕೆಟ್ಟು ಎಲ್ಲಿತ್ತು?"

"ಪ್ರಾಕ್ಟೀಸ್ ಕೋರ್ಟಿನ ಕುರ್ಚಿಯ ಮೇಲೆ. ಸೆಕೆಗೆ ತೆಗೆದಿಟ್ಟೆ. ಬ್ಯಾಡ್ಜು ಅದರ ಜೇಬಿನಲ್ಲೇ ಇತ್ತು. ಆಮೇಲೆ ನೋಡಿದಾಗ ಅದೇ ಕುರ್ಚಿಯ ಮೇಲೆ ಇತ್ತು."

"ಕುರ್ಚಿಯ ಹತ್ತಿರ ಯಾರು ಹೋದರು?"

ಅಲ್ಲಿಯವರೆಗೆ ತಟತಟನೆ ಉತ್ತರ ಕೊಡುತ್ತಿದ್ದವನು ನೆಲ ನೋಡಿದ. "ನೆನಪಿಲ್ಲ," ಎಂದ.

ದಣಿದಿದ್ದಾನೆ ಎಂದುಕೊಂಡು ಹೊರಗೆ ಬಂದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಪಾರ್ಕಿಂಗ್ ಲಾಟಿನಲ್ಲಿ ನಿಶ್ಮಿತಾಳ ಮಿನಿವ್ಯಾನಿನ ಹಿಂಬಾಗಿಲು ತೆರೆದೇ ಇತ್ತು. ಹೊರಗಿನ ಊಟ ಒಳಗೆ ಬಿಡುವುದಿಲ್ಲವೆಂದು, ಮ್ಯಾಚು ಮುಗಿಸಿ ವ್ಯಾನಿನ ಹಿಂದೆ ನಿಂತೇ ಉಣ್ಣುವುದೆಂದು ಎಲ್ಲರೂ ಬುತ್ತಿ ತಂದಿದ್ದೆವು. ಈಗ ಹಸಿವೆ ಇದ್ದವನು ಸಂತೋಷಕುಮಾರನೊಬ್ಬನೇ. ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿಯಲ್ಲಿ ಅದ್ದುತ್ತಿದ್ದ.

"ಏನಂದ್ರು ಪೊಲೀಸ್ರು? ಆ ಕೋಚ್‌ನ ಹೊರಗ ಬಿಡಬಾರದ್ರೀ," ಎಂದ ಬಾಯಿ ತುಂಬಿಕೊಂಡೇ. ಗದಗದವನು ಸಿಲಿಕಾನ್ ಚಿಪ್ಪು ಮಾಡುತ್ತಾನೆ, ಮಾತು ಮಾತ್ರ ಗದಗದಲ್ಲೇ ಇದೆ. "ನಾ ಮೊದಲಿಂದಾನೂ ಹೇಳ್ತಿದ್ದೆ, ಅವ ಸರಿ ಇಲ್ಲ ಅಂತ."

"ಯಾವಾಗ ಹೇಳಿದ್ರಿ?" ಎಂದೆ.

"ಮನಸಿನ್ಯಾಗ ಅಂದ್ಕೊಂಡಿದ್ದೆ."

ಇವನ ಮಗಳೂ ಟೆನಿಸ್ ಆಡುತ್ತಾಳೆ. ಇದೇ ಟೂರ್ನಮೆಂಟಿನ ಪ್ರವೇಶಕ್ಕಾಗಿ ನಡೆದ ಆಟದಲ್ಲಿ ಅಪೇಕ್ಷಾಳ ಕೈಲಿ ಸೋತವಳು. ಅಂದು ಇವನು ಯಾರಿಗೂ ಹೇಳದೆ ಮನೆಗೆ ಹೋಗಿದ್ದ.

ಜಯರಾಜ್ ಕಾರಿಗೊರಗಿ ನಿಂತಿದ್ದ. ಕಾರ್ಕಳದ ಕಡೆಯವನು, ಉಲ್ಲಾಸನ ಬಾಲ್ಯದ ಸ್ನೇಹಿತ. ಅಪೇಕ್ಷಾಳ ಕೈಗೆ ಮೊದಲು ರ‍್ಯಾಕೆಟ್ ಕೊಟ್ಟವನು ತಾನೇ ಎಂಬ ಹೆಮ್ಮೆ ಅವನಿಗೆ. ರೆನಾಟೊ ಬಂದ ಮೇಲೆ ನಿಶ್ಮಿತಾ ಇವನನ್ನು ಬದಿಗೆ ಸರಿಸಿದ್ದಳು. ಆ ನೋವು ಇವನು ನುಂಗಿಕೊಂಡದ್ದನ್ನು ನಾನು ನೋಡಿದ್ದೆ.

"ಹನ್ನೊಂದು ಇಪ್ಪತ್ತಕ್ಕೆ ಎಲ್ಲಿದ್ರಿ ಇಬ್ಬರೂ?"

"ನಾ ಟೊಪಿಗಿ ಕೊಳ್ಳಾಕ ಲೈನಿನ್ಯಾಗ ನಿಂತಿದ್ದೆ," ಎಂದ ಸಂತೋಷಕುಮಾರ.

"ಟೊಪ್ಪಿಗೆ ಎಲ್ಲಿ?"

"ರೇಟ್ ಕೇಳಿ ವಾಪಸ್ ಬಂದೆ."

"ನಾನು ರೆಸ್ಟ್‌ರೂಮಿಗೆ ಹೋಗಿದ್ದೆ," ಎಂದ ಜಯರಾಜ್. "ಎಂತ ಮಾಧುರಿ, ನಮ್ಮನ್ನೇ ಕೇಳ್ತೀರಲ್ಲ? ಆ ಜನ ಸಿಕ್ಕಿ ಆಯ್ತಲ್ಲ?"

"ಸಿಕ್ಕಿ ಆಯ್ತು," ಎಂದೆ ಹಲ್ಲು ಕಡಿದು.

ವ್ಯಾನಿನೊಳಗೆ ಅಪೇಕ್ಷಾಳ ಹಳೆಯ ರ‍್ಯಾಕೆಟ್ ಚೀಲವಿತ್ತು. ಚಿಕ್ಕವಳಿದ್ದಾಗಿನದು. ಅದರ ಬಾಯಿಯ ಹತ್ತಿರ ಆಯುಧಪೂಜೆಯ ಕುಂಕುಮದ ಕಲೆ ಇನ್ನೂ ಉಳಿದಿತ್ತು. ಬುತ್ತಿಗೆ ಜಾಗ ಮಾಡುವವಳಂತೆ ಚೀಲ ಎಳೆದು, ವ್ಯಾನಿಗೂ ನೀರಿನ ಬಾಕ್ಸಿಗೂ ನಡುವೆ ನೆಲದ ಮೇಲೆ ಹಾಕಿದೆ. ನೀರು ಬೇಕಾದವರ ಕಾಲು ಅದಕ್ಕೆ ತಾಗದೆ ದಾರಿಯಿಲ್ಲ. ಆಮೇಲೆ ಜಗಳ ತೆಗೆದೆ. ಸಿಟ್ಟಿನಲ್ಲಿರುವವರು ಅಭ್ಯಾಸವನ್ನು ಅಡಗಿಸಿಡಲಾರರು.

"ಎಂಟು ವರ್ಷ ಆ ಮನುಷ್ಯ ನಮ್ಮ ಹುಡುಗಿ ಹಿಂದೆ ಓಡಿದ. ನಿಮ್ಮಲ್ಲಿ ಒಬ್ಬರಿಗಾದ್ರೂ ಹೋಗಿ ಒಂದು ಮಾತು ಕೇಳ್ಬೇಕು ಅನ್ನಿಸ್ತಾ?"

"ಕೇಳೂದೇನ್ ಐತ್ರೀ? ಪ್ರೂಫ್ ಐತಲ್ಲ!" ಸಂತೋಷಕುಮಾರನಿಗೆ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತು. ನೀರಿಗೆಂದು ನುಗ್ಗಿದವನ ಕಾಲು ಚೀಲಕ್ಕೆ ತಾಗಿತು. "ಶಿವ ಶಿವ," ಎಂದು ಬಗ್ಗಿ ಮುಟ್ಟಿ, ಕೈಯನ್ನು ಹಣೆಗೆ ಒಂದೇ ಸಲ ತಾಗಿಸಿ ಬಾಟಲಿ ಎತ್ತಿಕೊಂಡ.

ಹಣೆಗೆ ಮಾತ್ರ. ಇವನಲ್ಲ.

ಜಯರಾಜ್ ನನ್ನ ಕೂಗಾಟ ತಾಳಲಾರದೆ ತಾನೂ ನೀರಿಗೆ ಬಂದ. ಚೀಲ ಮುಟ್ಟಿದ ಕೈ ಎದೆಗೆ ಹೋಯಿತು. ಕಣ್ಣಿನ ಹತ್ತಿರವೂ ಸುಳಿಯಲಿಲ್ಲ. ಇವನೂ ಅಲ್ಲ.

ಅಷ್ಟರಲ್ಲಿ ನಿಶ್ಮಿತಾ ಗೇಟಿನ ಕಡೆಯಿಂದ ದಾಪುಗಾಲು ಹಾಕುತ್ತ ಬಂದಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ ಮಾಡುವವಳು, ಅಲ್ಲಿ ಅವಳು ದನಿಯೇರಿಸಿದ್ದನ್ನು ಯಾರೂ ಕೇಳಿಲ್ಲವಂತೆ. ಇಲ್ಲಿ ಅವಳ ದನಿಗೆ ಪಕ್ಕದ ಸಾಲಿನವರು ತಿರುಗಿ ನೋಡಿದರು.

"ನಾನು ಸ್ಟೇಟ್‌ಮೆಂಟ್ ಕೊಟ್ಟು ಬಂದೆ. ಅವನಿಗೆ ಹ್ಯಾಂಡ್‌ಕಫ್ ಹಾಕೋದನ್ನು ಕಣ್ಣಾರೆ ನೋಡ್ಬೇಕು ನಂಗೆ. ನೋಡಿಯೇ ಆಸ್ಪತ್ರೆಗೆ ಹೋಗೋದು."

"ಮಗಳು ಆಸ್ಪತ್ರೇಲಿ ಮಲಗಿದಾಳೆ, ನಿಂಗೆ ಹ್ಯಾಂಡ್‌ಕಫ್ ನೋಡ್ಬೇಕಾ?" ಎಂದೆ.

"ಹೌದು, ನೋಡ್ಬೇಕು! ನನ್ನ ಮಗಳು ಗೆಲ್ತಿದ್ಲು, ಮಾಧು. ಗೆಲ್ಲುವ ಮ್ಯಾಚು ಅದು!"

ವ್ಯಾನಿನೊಳಗಿದ್ದ ಕೈಚೀಲಕ್ಕೆಂದು ಅವಳು ಒಂದು ಹೆಜ್ಜೆ ಮುಂದಿಟ್ಟಳು. ಕಾಲು ತಾಗಿತು. ಮಾತು ನಿಲ್ಲಿಸದೆಯೇ ಬಗ್ಗಿದಳು. ಬೆರಳುಗಳು ಚೀಲ ಮುಟ್ಟಿದವು. ಬಲಗಣ್ಣು, ಎಡಗಣ್ಣು. ಆಮೇಲೆ ಕತ್ತಿನಲ್ಲಿದ್ದ ಕರಿಮಣಿಯನ್ನು ಎರಡು ಬೆರಳಲ್ಲಿ ಒತ್ತಿಕೊಂಡಳು.

ತಾಯಿಯೇ? ಹೊತ್ತು ಹೆತ್ತವಳೇ?

ಆದರೆ ಮರುಗಳಿಗೆಗೇ ನೆನಪಾಯಿತು. ಫೋನು ತೆಗೆದು ನೋಡಿದೆ. ಪ್ರಾಕ್ಟೀಸು ಮುಗಿದ ಮೇಲೆ ನಿಶ್ಮಿತಾ ಮತ್ತು ನಾನು ವ್ಯಾನಿಗೆ ಬಂದು ಮೊಸರವಲಕ್ಕಿಯ ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗಿದ್ದೆವು. ಅದನ್ನು ತಿನ್ನದೆ ಅಪೇಕ್ಷಾ ಕೋರ್ಟಿಗೆ ಇಳಿಯುವವಳಲ್ಲ. ಗೇಟಿನವನು ಡಬ್ಬಿಯನ್ನು ಕಸದ ತೊಟ್ಟಿಗೆ ಹಾಕಿ ಎಂದ. ಮುಚ್ಚಳದ ಮೇಲೆ ಅಜ್ಜಿಯ ಹೆಸರು ಕೊರೆಸಿದ ಡಬ್ಬಿ ಅದು. ನಿಶ್ಮಿತಾ ಅವನ ಜನ್ಮ ಜಾಲಾಡಿದಳು. ಆ ರಂಪಾಟದ ಫೋಟೋ ತೆಗೆದು ನಾನು ಉಲ್ಲಾಸನಿಗೆ ಕಳಿಸಿದ್ದೆ. ಫೋಟೋದ ಮೇಲೆ ಸಮಯ ಇತ್ತು: ಹನ್ನೊಂದು ಇಪ್ಪತ್ತೊಂದು.

ಕೋಚುಗಳ ಕೋಣೆ ಸ್ಟೇಡಿಯಮ್ಮಿನ ಆ ತುದಿಗಿದೆ. ಅವಳು ಅಲ್ಲಿರಲು ಸಾಧ್ಯವೇ ಇರಲಿಲ್ಲ.

ನಮಸ್ಕಾರ ಅವಳದೇ. ಕೈ ಅವಳದಲ್ಲ.

"ನೀವಿಬ್ಬರೂ ಒಳಗೆ ಹೋಗಿ ಅಪೇಕ್ಷಾಳ ಸಾಮಾನು ತಗೊಂಡು ಬನ್ನಿ," ಎಂದು ಗಂಡಸರಿಬ್ಬರನ್ನು ಅಟ್ಟಿದೆ. ಅವರು ದೂರ ಹೋಗುವವರೆಗೆ ಕಾದೆ.

"ನಿಶ್ಮಿತಾ, ಈಗ ಆ ಚೀಲಕ್ಕೆ ನಮಸ್ಕಾರ ಮಾಡಿದ್ಯಲ್ಲ, ಅದನ್ನು ನಿಂಗೆ ಯಾರು ಕಲಿಸಿದ್ದು?"

"ಎಂತ?"

"ಕಣ್ಣಿಗೆ ಒತ್ತಿಕೊಂಡು ಆಮೇಲೆ ಕರಿಮಣಿ ಮುಟ್ಟೋದು."

"ಇದೆಂತ ಪ್ರಶ್ನೆ ಮಾರಾಯ್ತಿ, ಇಷ್ಟೊತ್ತಿನಲ್ಲಿ?"

"ಹೇಳು."

"ಅಜ್ಜಿ. ಅವ್ರು ಹಾಗೇ ಮಾಡ್ತಿದ್ರು. ಅಮ್ಮನೂ ಹಾಗೇ. ಬೇರೆ ಯಾರೂ ಮಾಡೋದು ನಾನು ನೋಡ್ಲಿಲ್ಲ. ನಮ್ಮ ಮನೆಯದ್ದೊಂದು ಅಭ್ಯಾಸ. ಯಾಕೆ?"

"ಅಪೇಕ್ಷಾ?"

ಅವಳ ಮುಖ ಒಂದು ಗಳಿಗೆ ಸಡಿಲವಾಯಿತು. "ಅವ್ಳೂ ಅಷ್ಟೆ. ಸಣ್ಣವಳಿರುವಾಗ ನನ್ನ ನೋಡಿ ನೋಡಿ ಕಲಿತದ್ದು. ಕರಿಮಣಿ ಇಲ್ಲದಿದ್ರೂ ಗಂಟಲು ಒತ್ತಿಕೊಳ್ತಾಳೆ, ಪೆದ್ದು. ಎಷ್ಟು ಹೇಳಿದ್ರೂ ಬಿಡ್ಲಿಲ್ಲ. ಕೋರ್ಟಿನಲ್ಲಿ ರ‍್ಯಾಕೆಟ್ ಕೆಳಗೆ ಬಿದ್ರೂ..."

ಮಾತು ಅಲ್ಲಿಗೇ ನಿಂತಿತು. ನನ್ನ ಮುಖದಲ್ಲಿ ಅವಳಿಗೆ ಏನೋ ಕಂಡಿರಬೇಕು.

"ಎಂತದು, ಮಾಧು?"

ಹೇಳಿದೆ. ನೀಲಿ ಜಾಕೆಟ್ಟು, ಬಾಟಲಿ, ಚೀಲ, ಎರಡು ಕಣ್ಣು, ಕತ್ತಿನ ಗುಳಿ. ಕರಿಮಣಿಯಿಲ್ಲದ ಕತ್ತು. ಒಂದೂ ಬಿಡದೆ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಎಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತಾ ಹೋಯಿತು. ಎಲ್ಲರೂ ಎಲ್ಲಿದ್ದರೆಂದು ಕೇಳುತ್ತಾ ಬಂದೆ. ಬಿದ್ದ ಹುಡುಗಿ ಎಲ್ಲಿದ್ದಳೆಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಪ್ರಾಕ್ಟೀಸು ಮುಗಿಸಿ ಒಬ್ಬಳೇ ವಿಶ್ರಾಂತಿಗೆ ಹೋದವಳು ಅವಳು. ರೆನಾಟೊನ ಜಾಕೆಟ್ಟಿದ್ದ ಕುರ್ಚಿಯ ಪಕ್ಕದಲ್ಲೇ ನಡೆದು ಹೋಗಿದ್ದಳು.

"ಸುಳ್ಳು!" ಎಂದಳು ನಿಶ್ಮಿತಾ. "ತನ್ನ ಬಾಟ್ಲಿಗೆ ತಾನೇ ಯಾರಾದ್ರೂ ಹಾಕ್ತಾರಾ? ಹಾಕೋದಿದ್ರೂ ಮುಖ ಮುಚ್ಚಿಕೊಂಡು ಯಾಕೆ ಹೋಗ್ಬೇಕು?"

"ಅಲ್ಲಿ ಕ್ಯಾಮೆರಾ ಇದೆ ಅಂತ ಅವಳಿಗೆ ಗೊತ್ತಿತ್ತು. ಯಾರೋ ಗುರುತಿಲ್ಲದವರು ಬಂದು ಹಾಕಿದ ಹಾಗೆ ಕಾಣ್ಬೇಕಿತ್ತು. ಆಗ ಅವಳು ಆಡೋದು ಬೇಡ, ಸೋಲೋದೂ ಬೇಡ. ಯಾರೂ ಅವಳನ್ನ ಏನೂ ಅನ್ನಲ್ಲ. ನೀನೂ ಅನ್ನಲ್ಲ."

"ನಾನು?"

"ಕೈಗೆ ಸಿಕ್ಕಿದ ಜಾಕೆಟ್ಟು ಹಾಕ್ಕೊಂಡ್ಲು. ಅದು ರೆನಾಟೊನ ಕತ್ತಿಗೆ ಬರುತ್ತೆ ಅಂತ ಯೋಚನೆ ಮಾಡ್ಲಿಲ್ಲ. ಹದಿನೇಳು ವರ್ಷ, ಅಷ್ಟು ದೂರ ಯೋಚನೆ ಎಲ್ಲಿ ಬರುತ್ತೆ? ಚೀಲಕ್ಕೆ ಕಾಲು ತಾಗಿದ್ದು ಮಾತ್ರ ಅವಳ ಲೆಕ್ಕದಲ್ಲಿ ಇರ್ಲಿಲ್ಲ."

"ಬಾಯಿ ಮುಚ್ಚು, ಮಾಧು!"

ಅವಳ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಉಲ್ಲಾಸ್. ಅವಳ ಬೆರಳು ತಪ್ಪಿ ಸ್ಪೀಕರ್ ಒತ್ತಿತೋ ಏನೋ, ಅವನ ದನಿ ಇಬ್ಬರಿಗೂ ಕೇಳಿತು.

"ನಿಶ್ಮಿ, ಅಪ್ಪು ಕಣ್ಣು ಬಿಟ್ಳು. ಮಾತಾಡಿದ್ಲು. ಹೆದರುವಂಥದ್ದು ಎಂತದೂ ಇಲ್ಲ ಅಂತ ಡಾಕ್ಟರು ಹೇಳಿದ್ರು. ರಕ್ತದಲ್ಲಿ ನಿದ್ದೆ ಮಾತ್ರೆ ಸಿಕ್ಕಿದೆಯಂತೆ, ಡಾಕ್ಟರು ಬರೆದುಕೊಡದೆ ಸಿಗುವಂಥದ್ದಲ್ಲ. ಹೆಸರು ನಿಂಗೆ ಮೆಸೇಜ್ ಮಾಡ್ತೇನೆ." ಅವನು ಉಸಿರು ತೆಗೆದುಕೊಂಡ. "ಆದ್ರೆ ಇವಳು ಎಂತೆಂತದೋ ಹೇಳ್ತಾ ಇದಾಳೆ. ಕಣ್ಣು ಬಿಟ್ಟ ಕೂಡ್ಲೇ 'ಡೋಂಟ್ ಲೆಟ್ ಮಾಧು ಆಂಟಿ ಸೀ ದ ವಿಡಿಯೋ' ಅಂದ್ಳು. ಅಳ್ತಾ ಇದಾಳೆ. ಎಂತ ವಿಡಿಯೋ ಅದು?"

ನಿಶ್ಮಿತಾ ಫೋನು ಕಡಿದಳು.

ಆ ಹುಡುಗಿಗೆ ಗೊತ್ತಿತ್ತು. ಅಮೆರಿಕದ ಪೊಲೀಸರೆಲ್ಲ ಕೂತು ನೋಡಿದರೂ ಕಾಣದ್ದು ಮಾಧು ಆಂಟಿಗೆ ಕಾಣುತ್ತದೆ ಎಂದು ಗೊತ್ತಿತ್ತು. ನನಗೆ ಸಿಟ್ಟು ಉಕ್ಕಿತು. ಒಂದು ಮ್ಯಾಚು ಆಡಲಾರೆ ಎಂದು ಹೇಳಲಾಗದೆ ವಿಷದಂಥದ್ದನ್ನು ಕುಡಿಯುವ ಮಟ್ಟಕ್ಕೆ ಒಂದು ಮಗುವನ್ನು ತಂದು ನಿಲ್ಲಿಸಿದವರು ಯಾರು? ತಾಯಿಯೊಬ್ಬಳೇ ಅಲ್ಲ. ಬ್ಯಾಡ್ಜು ಹಾಕಿಕೊಂಡು ಚಪ್ಪಾಳೆ ತಟ್ಟಿದ ನಾವೆಲ್ಲರೂ ಸೇರಿಯೇ.

"ನಡೆ," ಎಂದೆ. "ಗ್ಲೆಂಡಾಳ ಹತ್ರ ಹೋಗಿ ಹೇಳೋಣ. ನೀನೇ ಹೇಳು. ನೀನು ತಾಯಿ, ನಿನ್ನ ಬಾಯಿಂದ ಬಂದ್ರೆ ಅವರು ಮಗು ಅಂತ ಸ್ವಲ್ಪ ಮೆತ್ತಗೆ ನೋಡ್ತಾರೆ."

ಆಗ ನನ್ನ ಫೋನು ಮಿನುಗಿತು. ಗ್ಲೆಂಡಾಳ ಮೆಸೇಜು. ಓದಿ, ನಂಬಲಾಗದೆ ಮತ್ತೊಮ್ಮೆ ಓದಿ, ಫೋನನ್ನು ನಿಶ್ಮಿತಾಳ ಮುಂದೆ ಹಿಡಿದೆ.

ರೆನಾಟೊ ತಪ್ಪೊಪ್ಪಿಕೊಂಡಿದ್ದ. ಬಾಟಲಿಗೆ ಔಷಧ ಹಾಕಿದ್ದು ತಾನೇ ಎಂದು ಹೇಳಿದ್ದ.

ನೆಲ ನೋಡಿದ್ದನಲ್ಲ, ಕುರ್ಚಿಯ ಹತ್ತಿರ ಯಾರು ಹೋದರೆಂದು ಕೇಳಿದಾಗ! ಅವನಿಗೆ ಎಲ್ಲ ನೆನಪಿತ್ತು. ಜಾಕೆಟ್ಟು ಯಾರು ತೆಗೆದುಕೊಂಡು ಹೋದರೆಂದು ಕಂಡಿದ್ದ. ಕಂಡವನು ಬಾಯಿ ಹೊಲಿದುಕೊಂಡು, ಹುಡುಗಿಯ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡುಬಿಟ್ಟಿದ್ದ.

ನಿಶ್ಮಿತಾ ಅದನ್ನು ಓದಿದಳು. ತಲೆ ಎತ್ತಿದಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಅವನೇ ಒಪ್ಪಿಕೊಂಡ್ನಲ್ಲ," ಎಂದಳು ಮೆಲ್ಲಗೆ.

"ಏನು?"

"ಅವನೇ ಒಪ್ಪಿಕೊಂಡಿದ್ದಾನೆ. ನಾವು ಹೇಳಿಸಿದ್ದಲ್ಲ. ಇನ್ನೆಂತ ಉಂಟು? ಮುಗೀತಲ್ಲ."

"ನಾಚಿಕಿ ಬರಂಗಿಲ್ಲೇನ ನಿನಗ?" ಸಿಟ್ಟು ನೆತ್ತಿಗೇರಿದರೆ ನನ್ನ ಬಾಯಲ್ಲಿ ವಿಜಯಪುರ ಬರುತ್ತದೆ, ಬೇ ಏರಿಯಾದ ಇಷ್ಟು ವರ್ಷಗಳೂ ಎಲ್ಲಿಗೋ ಹೋಗುತ್ತವೆ. "ಮಾಡದ ತಪ್ಪಿಗೆ ಅಂವ ಜೇಲಿಗೆ ಹೋಗಬೇಕೇನು? ನಿನ್ನ ಮಗಳನ್ನ ಕೈ ಹಿಡಿದು ಬೆಳೆಸಿದಾಂವ ಅಂವ! ಇನ್ನ ಮ್ಯಾಲೆ ಯಾವ ಮಕ್ಕಳ ಹತ್ರಾನೂ ಅಂವನ್ನ ಬಿಡಂಗಿಲ್ಲ, ಗೊತ್ತೈತೇನು?"

"ಗೊತ್ತುಂಟು."

"ಗೊತ್ತಿದ್ದೂ ಹಿಂಗಂತೀಯಲ್ಲ!"

"ನನ್ನ ಮಗಳಿಗೆ ಹದಿನೇಳು, ಮಾಧು. ಟೆನಿಸ್ ಹೋಗ್ಲಿ. ಇದು ಹೊರಗೆ ಬಂದ್ರೆ ಅವಳ ಹೆಸರು ಎಲ್ಲ ಕಡೆ ಬರ್ತದೆ. ಕಾಲೇಜು, ಫ್ರೆಂಡ್ಸು, ಎಲ್ಲ ಹೋಗ್ತದೆ. ಅವ್ಳು ಮತ್ತೆ ಎಂತಾದ್ರೂ ಮಾಡಿಕೊಂಡ್ರೆ ನಾನು ಎಂತ ಮಾಡ್ಲಿ? ಹೇಳು!" ಅವಳು ನನ್ನ ತೋಳು ಹಿಡಿದಳು. "ನೀನು ಆ ವಿಡಿಯೋದಲ್ಲಿ ಎಂತದೂ ನೋಡ್ಲಿಲ್ಲ. ಬೆವರು ಒರೆಸಿಕೊಂಡದ್ದು ಅಂತ ಅವ್ರೇ ಹೇಳಿದ್ದಲ್ಲವಾ? ಅಷ್ಟೇ. ಬೆವರು."

ಒಂದು ಕ್ಷಣ ನನಗೂ ಸುಮ್ಮನಿದ್ದುಬಿಡೋಣ ಎನಿಸಿತು, ಸುಳ್ಳು ಹೇಳಲಾರೆ. ಅಪೇಕ್ಷಾ ಅಳುತ್ತಿದ್ದಾಳೆಂದು ಉಲ್ಲಾಸ್ ಹೇಳಿದ್ದು ಕಿವಿಯಲ್ಲೇ ಇತ್ತು.

ಆಗ ಗೇಟು ತೆರೆಯಿತು. ಇಬ್ಬರು ಪೊಲೀಸರ ನಡುವೆ ರೆನಾಟೊ ಹೊರಗೆ ಬಂದ. ಕೈಗಳು ಬೆನ್ನ ಹಿಂದಿದ್ದವು. ಒಳಗೆ ಮೊಣಕಾಲ ಮೇಲಿಟ್ಟುಕೊಂಡಿದ್ದ ಟೋಪಿಯನ್ನು ಯಾರೋ ಅವನ ತಲೆಗೆ ಓರೆಯಾಗಿ ಇಟ್ಟಿದ್ದರು. ಆಟ ನೋಡಿ ಹೊರಟಿದ್ದ ಜನ ಫೋನು ಎತ್ತಿ ಹಿಡಿದು ಅವನ ಫೋಟೋ ತೆಗೆಯತೊಡಗಿದರು. ಸಂತೋಷಕುಮಾರನೂ ಆ ಗುಂಪಿನಲ್ಲಿ ನಿಂತು ಫೋಟೋ ತೆಗೆಯುತ್ತಿದ್ದ.

ಅಷ್ಟು ಸಾಕಾಯಿತು ನನಗೆ. ನಿಶ್ಮಿತಾಳ ಕೈ ಕೊಡವಿ ನಡೆದೆ.

ರೆನಾಟೊ ನನ್ನನ್ನು ಕಂಡ. ನಾನು ಯಾಕೆ ಬರುತ್ತಿದ್ದೇನೆಂದು ಅವನಿಗೆ ತಿಳಿಯಿತು. ತಲೆಯನ್ನು ನಿಧಾನವಾಗಿ ಆಚೀಚೆ ಆಡಿಸಿದ. ಬೇಡ ಎಂದ. ನಾನು ನಿಲ್ಲಲಿಲ್ಲ.

"ಮಾಧು!"

ಹಿಂದೆ ಓಡಿಬರುವ ಸದ್ದು, ಅದರ ಹಿಂದೆಯೇ ರ‍್ಯಾಕೆಟ್ಟುಗಳು ಒಂದಕ್ಕೊಂದು ಬಡಿದ ಸದ್ದು. ತಿರುಗಿ ನೋಡಿದೆ. ನಿಶ್ಮಿತಾಳ ಬೂಟುಗಾಲು ಮಗಳ ಹಳೆಯ ಚೀಲದ ಮೇಲೆಯೇ ಇತ್ತು, ಕುಂಕುಮದ ಕಲೆಯ ಮೇಲೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳು ಬಗ್ಗಲಿಲ್ಲ.

ಅವಳ ಫೋನಿನ ಪರದೆ ಬೆಳಗುತ್ತಿತ್ತು. ಉಲ್ಲಾಸನ ಮೆಸೇಜು ಬಂದಿತ್ತು.

"ಮಾತ್ರೆಯ ಹೆಸರು ಬಂತು," ಎಂದಳು. ದನಿಯಲ್ಲಿ ಕೂಗಾಟವಿರಲಿಲ್ಲ. "ನಮ್ಮ ಮನೆಯಲ್ಲಿ ಈ ಮಾತ್ರೆ ಯಾರೂ ತಗೊಳ್ಳೋದಿಲ್ಲ. ಯಾರ ಬಾತ್‌ರೂಮಿನಲ್ಲಿ ಉಂಟು ಅಂತ ನಂಗೆ ಗೊತ್ತುಂಟು, ನಾನೇ ಕಣ್ಣಾರೆ ನೋಡಿದ್ದೇನೆ. ಅಪೇಕ್ಷಾ ಹೋದ ವಾರ ಯಾರ ಮನೆಯಲ್ಲಿ ಮಲಗಿದ್ದು, ಮಾಧು?"

ನನ್ನ ಮನೆಯಲ್ಲಿ. ನಾನು ರಾತ್ರಿ ನುಂಗುವ ಮಾತ್ರೆ ಅದು.

"ಹೋಗು, ಹೇಳು. ವಿಡಿಯೋದಲ್ಲಿದ್ದದ್ದು ನನ್ನ ಮಗಳು ಅಂತ ಹೇಳು. ಆ ಮಾತ್ರೆಯನ್ನ ಅವಳ ಕೈಗೆ ಕೊಟ್ಟದ್ದು ನೀನು ಅಂತ ನಾನು ಹೇಳ್ತೇನೆ. ಮಗುವಿಗೆ ಮಾತ್ರೆ ಕೊಟ್ಟ ಆಂಟಿ. ಯಾರ ಮಾತು ನಂಬ್ತಾರೆ ನೋಡುವ."

ಗೇಟಿನ ಹತ್ತಿರ ಪೊಲೀಸ್ ಕಾರಿನ ಬಾಗಿಲು ಮುಚ್ಚಿಕೊಂಡಿತು. ಗಾಜಿನ ಹಿಂದೆ ರೆನಾಟೊನ ಓರೆ ಟೋಪಿ ಕಾಣುತ್ತಿತ್ತು. ಕಾರು ಹೊರಳಿ ನಾನಿದ್ದ ದಾರಿಗೇ ಬಂತು, ಮತ್ತು ನಾನು ದಾರಿಯ ನಡುವೆ ನಿಂತಿದ್ದೆ.